ಗೂಟದ ಮಣ್ಣಿನ ನೊಣಗಳು

ಮರಳುನೊಣ ಹಿಡಿಯುವವನಿಗೆ ಮೊದಲು ಬೇಕಾದದ್ದು ಉಸಿರಿನ ಹಿಡಿತ. ಫುಲೇನಾ ಸಹನಿ ಮೂವತ್ತೊಂದು ವರ್ಷ ಗಂಡಕ್ ನದಿ ದಂಡೆಯ ಕೊಟ್ಟಿಗೆಗಳಲ್ಲಿ ಆ ಉಸಿರಿನಿಂದಲೇ ಅನ್ನ ತಿಂದವನು. ಸೂರ್ಯ ಏಳುವ ಮುಂಚೆ ಮಣ್ಣಿನ ಗೋಡೆಗೆ ಬ್ಯಾಟರಿ ಬಿಟ್ಟರೆ, ಎಳ್ಳು ಕಾಳಿನಷ್ಟೂ ಇಲ್ಲದ ಜೀವವೊಂದು ರೆಕ್ಕೆ ನಿಗುರಿಸಿ ಕೂತಿರುತ್ತದೆ. ಹೀರುಕೊಳವೆಯ ಒಂದು ತುದಿ ಅದರ ಮೇಲೆ, ಇನ್ನೊಂದು ತುದಿ ಬಾಯಲ್ಲಿ. ಜೋರಾಗಿ ಎಳೆದರೆ ರೆಕ್ಕೆ ಮುರಿಯುತ್ತದೆ, ಮೆಲ್ಲಗೆ ಎಳೆದರೆ ಕುಪ್ಪಳಿಸಿ ಹೋಗುತ್ತದೆ. ಕಾಲಾ-ಅಜಾರ್ ಜ್ವರ ತರುವುದು ಇದೇ ನೊಣ. ಫುಲೇನಾನ ತಮ್ಮ ಹೊಟ್ಟೆ ಗುಡಾಣವಾಗಿ ಸತ್ತದ್ದು ಆ ಜ್ವರದಲ್ಲೇ.

ಎರಡನೇ ಕ್ಲಾಸಿಗೆ ಬಿಟ್ಟ ಶಾಲೆ. ಆದರೂ ನೊಣ ತುಂಬಿದ ಪ್ರತಿ ಗಾಜಿನ ನಳಿಗೆಯ ಮೇಲೆ ಊರಿನ ಹೆಸರು, ಮನೆಯವರ ಹೆಸರು ತಾನೇ ಬರೆಯುತ್ತಿದ್ದ. ಅಕ್ಷರ ಸೊಟ್ಟ, ಬರೆದದ್ದು ನೆಟ್ಟಗೆ.

ಆ ಫಾಲ್ಗುಣದಲ್ಲಿ ಪಟ್ನಾದ ಪ್ರಯೋಗಶಾಲೆಯಿಂದ ಡಾಕ್ಟರ್ ನಿಖತ್ ಪರ್ವೀನ್ ಬಂದಳು. ಮೂರು ವರ್ಷದಿಂದ ಅವನ ನಳಿಗೆಗಳು ಹೋಗುತ್ತಿದ್ದದ್ದು ಅವಳಿಗೇ.

"ಚಾಚಾ, ಒಂದು ತೊಂದರೆ ಆಗಿದೆ. ಈ ನೊಣ ದೂರ ಹಾರಲ್ಲ, ನಿಮಗೇ ಗೊತ್ತು. ಅದಕ್ಕೇ ಊರೂರಿಗೂ ಅದರ ವಂಶ ಸ್ವಲ್ಪ ಬೇರೆ ಇರುತ್ತೆ, ಒಂದೊಂದು ಮನೆತನದ ಮೂಗಿನ ಹಾಗೆ. ಆದ್ರೆ ನೀವು ಬಾಂಧ್ ಟೋಲಾದಿಂದ ತಂದ ನೊಣ ಪಕ್ಕದ ಕರ್ಮೌಲಿಯದರ ಹಾಗಿಲ್ಲ. ಇಪ್ಪತ್ತೈದು ಮೈಲಿ ಆಚೆ, ನದಿ ನಡುಗಡ್ಡೆಯ ಗೋಖುಲಾ ದಿಯಾರಾದ್ದರ ಹಾಗಿದೆ. ಅಚ್ಚು ಒತ್ತಿದ ಹಾಗೆ."

ಜ್ವರ ತಡೆಯುವ ಸರ್ಕಾರಿ ಕಚೇರಿಯಲ್ಲಿ ಫುಲೇನಾನ ಮೇಲಿನವನಾದ ಅವಧ್ ಬಾಬು ಅಂಗೈಯಲ್ಲಿ ಖೈನಿ ತಿಕ್ಕುತ್ತ ನಕ್ಕ. "ಇದ್ರಲ್ಲಿ ತಲೆ ಕೆಡಿಸ್ಕೊಳ್ಳೋದೇನಿದೆ ಮೇಡಂ? ಗೋಖುಲಾಕ್ಕೆ ಇವನ ಮಗಳನ್ನ ಕೊಟ್ಟಿದೆ. ಅಳಿಯನ ಮನೇಲಿ ಮೊಸರವಲಕ್ಕಿ ತಿಂದ್ಕೊಂಡು ಎರಡೂರಿನ ನಳಿಗೇನೂ ಅಲ್ಲೇ ತುಂಬ್ಸಿರ್ತಾನೆ. ವಯಸ್ಸಾಯ್ತಲ್ಲ, ಮಂಡಿ ಕೇಳಲ್ಲ."

ನೊಣ ಹಿಡಿಯುವವರಲ್ಲಿ ಹಾಗೆ ಮಾಡುವವರು ಇದ್ದರು. ಅಂಥವನಿಗೆ 'ಒಂದೇ ಕೊಟ್ಟಿಗೆಯವನು' ಎಂದು ಹೆಸರು. ಅವನ ಜೊತೆ ಯಾರೂ ಬೀಡಿ ಹಂಚಿಕೊಳ್ಳುತ್ತಿರಲಿಲ್ಲ.

ನಿಖತ್ ಮುಖ ತಗ್ಗಿಸಿದಳು. "ನಂಬೋಕಾಗದೆ ಹೋದ್ರೆ ಮೂರು ವರ್ಷದ ನಳಿಗೆ ಎಲ್ಲಾ ಬಿಸಾಕ್ಬೇಕು ಚಾಚಾ. ನಿಮ್ಮ ಜಾಗಕ್ಕೆ ಬೇರೆಯವರು ಬರ್ತಾರೆ."

ಫುಲೇನಾ ತನ್ನ ಹೀರುಕೊಳವೆಯನ್ನು ಅವಳ ಕಡೆ ಚಾಚಿದ.

"ನೊಣ ಸುಳ್ಳು ಹೇಳಲ್ಲ ಬಿಟಿಯಾ. ನಾನೂ ಹೇಳಿಲ್ಲ. ಹಾಗಾದ್ರೆ ನಮ್ಮಿಬ್ಬರಿಗೂ ತಿಳೀದೆ ಇರೋದು ಏನೋ ಇದೆ. ನಾಳೆ ನಸುಕಿಗೆ ಬಾ. ನಿನ್ನ ಕೈಯಾರೆ ಹಿಡಿ, ನೀನೇ ಹೆಸರು ಬರಿ."

ಬಾಂಧ್ ಟೋಲಾ ಎಂದರೆ ನದಿಯ ಒಡ್ಡಿನ ಮೇಲೆ ಹಗ್ಗದಂತೆ ಉದ್ದಕ್ಕೆ ಹಬ್ಬಿದ ಹದಿನೆಂಟು ಗುಡಿಸಲು. ಕರ್ಮೌಲಿಗೂ ಅದಕ್ಕೂ ನಡುವೆ ಒಂದು ಮೈಲಿ ಜೌಗು. ರಾಜ್ಮತಿಯಾ ಎಂಬ ಮುದುಕಿಯ ಕೊಟ್ಟಿಗೆಯಲ್ಲಿ ನಿಖತ್ ಕೊಳವೆ ಬಾಯಿಗಿಟ್ಟಳು. ಮೊದಲ ನಾಲ್ಕು ನೊಣ ಹಾರಿದವು.

"ಶಹನಾಯಿ ನುಡಿಸ್ತಿದ್ದೀಯೇನೆ? ಎಳೀಬೇಕು, ಊದಬಾರದು," ಎಂದಳು ಮುದುಕಿ, ಹಲ್ಲಿಲ್ಲದ ಬಾಯಿ ಅಗಲಿಸಿ.

ಐದನೆಯದು ಸಿಕ್ಕಿತು. ಹಿಗ್ಗಿ ಹಿಂದೆ ಸರಿದ ನಿಖತ್‌ಳ ಕಾಲು ಎಮ್ಮೆಯ ಗೂಟದ ಬುಡಕ್ಕೆ ತಾಗಿತು.

"ಅಲ್ಲಿ ತುಳೀಬೇಡ. ಅದು ಊರಿನ ಮಣ್ಣು."

"ಯಾವೂರಿನದಜ್ಜಿ?"

"ಇನ್ಯಾವೂರು, ಗೋಖುಲಾ. ಗಂಡಕ್ ನಮ್ಮ ಹೊಲ ಕೊಚ್ಚಿದ ವರ್ಷ ದೋಣೀಲಿ ಬಂದ್ವಿ. ಎಮ್ಮೆ ಪರವೂರ ಮಣ್ಣಿನ ಮೇಲೆ ನಿಂತ್ರೆ ಹಾಲು ಇಳಿಸಲ್ಲ. ಅದಕ್ಕೆ ಗೂಟದ ಬುಡದ ಮಣ್ಣು, ಸಗಣಿ ಗಂಜಲ ಕುಡಿದಿದ್ದು, ಅಗೆದು ಬುಟ್ಟಿ ತುಂಬ ತಂದ್ವಿ. ಮನೆಗೆ ಹತ್ತು ಬುಟ್ಟಿ. ಗಂಡಸರು ಪೆಟ್ಟಿಗೆ ಬಿಡಿ ಅಂದ್ರೆ ಬಿಟ್ಟೆ, ಮಣ್ಣು ಬಿಡಲಿಲ್ಲ."

ಫುಲೇನಾ ಗೋಡೆಗೆ ಕೈ ಊರಿ ನಿಂತ. ಇಪ್ಪತ್ತೆರಡು ವರ್ಷದ ಹಿಂದಿನ ಆ ದೋಣಿಗಳನ್ನು ಅವನೇ ಕಂಡಿದ್ದ. ಬುಟ್ಟಿಗಳನ್ನು ಇಳಿಸಲು ಹೆಗಲೂ ಕೊಟ್ಟಿದ್ದ. ಮರಳುನೊಣ ಮೊಟ್ಟೆ ಇಡುವುದು ಅಂಥ ಮಣ್ಣಿನಲ್ಲೇ ಎಂದು ಹೊಸಬರಿಗೆಲ್ಲ ಕಲಿಸಿದವನಿಗೆ, ಈ ಎರಡನ್ನೂ ಸೇರಿಸಿ ನೋಡಬೇಕೆಂದು ಇಷ್ಟು ದಿನ ಹೊಳೆದೇ ಇರಲಿಲ್ಲ.

"ಮೊಟ್ಟೇನೂ ಬಂದಿದೆ ಬಿಟಿಯಾ," ಎಂದ ಮೆಲ್ಲಗೆ. "ಜನ ಬಂದ ದೋಣೀಲೇ."

ನಿಖತ್ ಹದಿನೆಂಟು ಗುಡಿಸಲನ್ನೂ ಸುತ್ತಿ, ತಾನೇ ಹಿಡಿದು, ತಾನೇ ಹೆಸರು ಬರೆದು ಹೋದಳು. ಒಂದೂವರೆ ತಿಂಗಳು ಫುಲೇನಾ ಯಾರ ಬೀಡಿಗೂ ಕೈ ಚಾಚಲಿಲ್ಲ, ಯಾರಿಗೂ ಕೊಡಲೂ ಇಲ್ಲ.

ವೈಶಾಖದ ಬಿಸಿಲಲ್ಲಿ ಅವಳು ಮತ್ತೆ ಬಂದಳು. ಕಚೇರಿಯ ಬಾಗಿಲಲ್ಲೇ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ಅವಧ್ ಬಾಬು, ನಾನು ಹಿಡಿದದ್ದೂ ಚಾಚಾ ಹಿಡಿದದ್ದೂ ಒಂದೇ. ಬಾಂಧ್ ಟೋಲಾದ ನೊಣ ಗೋಖುಲಾದ ಮಗಳೇ. ಮೂರು ವರ್ಷದಲ್ಲಿ ಒಂದು ನಳಿಗೆಯ ಹೆಸರೂ ತಪ್ಪಿಲ್ಲ. ನೊಣದ ವಂಶದ ನಮ್ಮ ನಕ್ಷೆಯಲ್ಲಿ ಇನ್ನೂ ಆರು ಕಡೆ ಹೀಗೇ ಲೆಕ್ಕ ತಪ್ಪುತ್ತಿದೆ. ಅಲ್ಲಿನ ಜನ ಎಲ್ಲಿಂದ ಬಂದವರು ಅಂತ ನಮ್ಮ ಯಾವ ಕಾಗದದಲ್ಲೂ ಇಲ್ಲ."

"ನನ್ನ ಹತ್ರ ಇದೆ," ಎಂದ ಫುಲೇನಾ.

ಅಂಗಿಯ ತೋಳಿನಿಂದ ಬೆಂಚು ಒರೆಸಿ ಕೂತ. ಬೆನ್ನು ನೆಟ್ಟಗಾಯಿತು. ಯಾವ ನೆರೆ ಯಾವ ಟೋಲಾವನ್ನು ಎಬ್ಬಿಸಿತು, ಯಾರು ಯಾವ ದಡಕ್ಕೆ ಬಂದು ಇಳಿದರು, ಯಾರ ಹಸು ಯಾರ ಕೊಟ್ಟಿಗೆ ಸೇರಿತು ಎಂದು ಅವನು ಹೇಳತೊಡಗಿದ. ನಿಖತ್‌ಳ ಪೆನ್ನು ಅವನ ಮಾತಿಗಿಂತ ಹಿಂದೆ ಬಿದ್ದಿತು. ಒಂದು ಪುಟ ಮುಗಿಯಿತು, ಇನ್ನೊಂದು ಮುಗಿಯಿತು.

ಅವಧ್ ಬಾಬು ಕುರ್ಚಿಯಲ್ಲಿ ಮಿಸುಕಾಡಿದ. "ಇನ್ನೂ ಎಷ್ಟಿದೆ ಫುಲೇನಾ ಭಾಯಿ?"

ಮೂವತ್ತೊಂದು ವರ್ಷದಲ್ಲಿ ಅವನ ಬಾಯಲ್ಲಿ 'ಭಾಯಿ' ಬಂದದ್ದು ಅದೇ ಮೊದಲು. ಫುಲೇನಾ ಕೇಳಿಸಿಕೊಂಡ, ಕೇಳಿಸಿಕೊಂಡೆ ಎಂದು ತೋರಿಸಲಿಲ್ಲ.

"ಇದಿನ್ನೂ ಪೂರ್ವದ ದಂಡೆ ಬಾಬು. ಟೀ ತರಿಸಿ, ಮೇಡಂಗೆ ಕೈ ನೋಯ್ತಿರ್ಬೇಕು."