ಕೂರಿಸಿ ಅಳೆದ ಕೋಟು

ನಾನು ಒಂದು ಕೋಟು. ಕಡುನೀಲಿ ಬಣ್ಣ, ಎದುರಿಗೆ ಎರಡು ಗುಂಡಿ, ಹೊರಗೆ ಮೂರು ಜೇಬು, ಎಡಗಡೆ ಎದೆಯ ಒಳಗೆ ಒಂದು. ಹುಟ್ಟಿದ ದಿನವೇ ನನಗೆ ಹೊಟ್ಟೆಕಿಚ್ಚು ಶುರುವಾಯಿತು. ಬಟ್ಟೆಯ ಒಂದೇ ಥಾನಿನಿಂದ ನಾವಿಬ್ಬರು ಹುಟ್ಟಿದ್ದೆವು. ಮೊದಲು ಯಾರೋ ಮದುಮಗನಿಗೆಂದು ಒಂದು ಕೋಟು ಕತ್ತರಿಸಿದರು, ಮಿಕ್ಕ ಬಟ್ಟೆಯಲ್ಲಿ ನನ್ನನ್ನು. ಅವನಿಗೆ ಒಳಮೈಗೆ ಮಿರಮಿರನೆ ಮಿನುಗುವ ಕೆಂಪು ಅಸ್ತರು. ನನಗೆ ಕೊಡೆಬಟ್ಟೆಯಂಥ ಬೂದು. ಎರಡು ದಿನ ಒಂದೇ ಸರಳಿಗೆ ನೇತಾಡಿದೆವು. ಮೂರನೇ ದಿನ ಅವನು ಹೂವಿನ ಹಾರಕ್ಕೆ ಹೋದ. ನಾನು ಸಂದರ್ಶನಕ್ಕೆ ಹೋದೆ.

ನನ್ನನ್ನು ಹೊಲಿದವರು ಖಾಜೇಸಾಬರು. ವಿಶ್ವವಿದ್ಯಾಲಯದ ದೊಡ್ಡ ಗೇಟಿನ ಎದುರಿಗೇ ಅವರ ಅಂಗಡಿ. ಹೊಲಿಸಿದವನು ಗುರುಪಾದ, ಪ್ರಾಣಿಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿದವನು. ಅವನು ಕನ್ನಡಿ ಮುಂದೆ ಎದೆ ಉಬ್ಬಿಸಿ ನಿಂತರೆ ಖಾಜೇಸಾಬರು ಸ್ಟೂಲು ಎಳೆದರು.

"ಕುಂದ್ರಿ."

"ಅಳತಿ ತಗೊಳ್ಳಾಕ ಯಾರರ ಕುಂದರಸ್ತಾರೇನ್ರಿ ಚಾಚಾ?"

"ಮದುವಿ ಕೋಟಿಗೆ ನಿಂತು ಅಳತಿ ಕೊಡಬೇಕು. ಇಂಟರ್‌ವ್ಯೂ ಕೋಟಿಗೆ ಕುಂತು. ಒಳಗ ಹೋಗಾಕ ನಾಕು ಹೆಜ್ಜಿ, ಹೊರಗ ಬರಾಕ ನಾಕು ಹೆಜ್ಜಿ. ನಡುವಿಂದೆಲ್ಲಾ ಕುಂತ ನಡೀತದ. ನಿಂತಾಗ ನೀವು ಹೆಂಗ ಕಾಣ್ತೀರಿ ಅಂತ ಅಲ್ಲಿ ಯಾರಿಗೆ ಬೇಕಾಗೇತಿ?"

ಹೀಗಾಗಿ ನಾನು ಬೇರೆ ಕೋಟುಗಳಂತಲ್ಲ. ನಿಂತವನ ಮೈಮೇಲೆ ನಾನು ಪೆದ್ದ. ಬೆನ್ನು ಇಳಿಬಿದ್ದು ಭುಜ ಜೋಲುತ್ತದೆ. ಕೂತ ತಕ್ಷಣ ಎಲ್ಲ ನೆಟ್ಟಗಾಗುತ್ತದೆ. ಕೂತವನು ಎರಡು ವರ್ಷ ಹಿರಿಯನಾಗಿ, ಸ್ವಲ್ಪ ಜಾಣನಾಗಿ ಕಾಣುತ್ತಾನೆ.

ಗುರುಪಾದನಿಗೆ ಎರಡನೇ ಸಂದರ್ಶನದಲ್ಲೇ ಕೆಲಸವಾಯಿತು. ಅವನಿಗಿಂತ ನನಗೇ ಹೆಚ್ಚು ಹಿಗ್ಗು. ಇನ್ನು ದಿನಾ ಕ್ಲಾಸಿಗೆ ಹೋಗುತ್ತೇನೆ, ತೋಳಿಗೆ ಸೀಮೆಸುಣ್ಣದ ಪುಡಿ ಅಂಟುತ್ತದೆ ಅಂದುಕೊಂಡೆ. ಮೊದಲ ತಿಂಗಳೇ ಅವನು ಬೂದು ಬಣ್ಣದ ಹೊಸ ಕೋಟು ಕೊಂಡ. ನಿಂತು ಅಳತೆ ಕೊಟ್ಟದ್ದು. ನನ್ನನ್ನು ತಂದು ಸಂಶೋಧಕರ ಹಾಸ್ಟೆಲಿನ ಇಪ್ಪತ್ತೇಳನೇ ಕೋಣೆಯ ಮೊಳೆಗೆ ಸಿಗಿಸಿದ. "ಯಾರಿಗೆ ಇಂಟರ್‌ವ್ಯೂ ಐತಿ, ಅವರು ಹಾಕ್ಕೊಂಡ ಹೋಗ್ರಿ. ಕೈಗುಣ ಚಲೋ ಐತಿ ಇದರದ್ದು" ಎಂದು ದಾನಶೂರನ ಹಾಗೆ ಭಾಷಣವನ್ನೂ ಮಾಡಿದ.

ಅಂದಿನಿಂದ ನಾನು ಎಲ್ಲರವನಾದೆ. ಎಲ್ಲರವನಾಗುವುದೆಂದರೆ ಯಾರವನೂ ಆಗದಿರುವುದು. ಕೋಣೆಯವರು ನಿಯಮಗಳನ್ನೂ ಮಾಡಿಕೊಂಡರು: ನನ್ನನ್ನು ತೊಳೆಯಬಾರದು, ತೊಳೆದರೆ ಕೈಗುಣ ಹೋಗುತ್ತದೆ. ಸಂಜೆಯೊಳಗೆ ಮೊಳೆಗೆ ವಾಪಸು ಬರಬೇಕು. ಆಯ್ಕೆಯಾದವನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಗಿರಮಿಟ್ಟು ಮಿರ್ಚಿ ಕೊಡಿಸಬೇಕು. ಗಿರಮಿಟ್ಟಿನ ಪಾಲು ನನಗೆ ವಾಸನೆಯಲ್ಲಿ ಮಾತ್ರ ಬರುತ್ತಿತ್ತು.

ಜೂನಿಯರ್ ಫೆಲೋ, ಅತಿಥಿ ಉಪನ್ಯಾಸಕ, ಪ್ರಾಜೆಕ್ಟ್ ಸಹಾಯಕ, ಸಹಾಯಕ ಪ್ರಾಧ್ಯಾಪಕ. ಯಾವ ಹುದ್ದೆಯಾದರೂ ಸಂದರ್ಶನದ ಕೋಣೆಯ ಒಳಗಿನ ನೋಟ ಒಂದೇ. ಉದ್ದನೆಯ ಮೇಜು, ಆಚೆ ಐದು ಜನ, ಈಚೆ ನಾವು. ಮೊದಲ ಪ್ರಶ್ನೆ, "ನಿಮ್ಮ ಗೈಡ್ ಯಾರು?" ಎರಡನೆಯದು, "ಯಾವೂರು?" ಮೂರನೆಯದರಿಂದ ವಿಷಯ ಶುರು, ಅಷ್ಟರೊಳಗೆ ಒಬ್ಬರು ಗೋಡಂಬಿ ತಟ್ಟೆಯ ಕಡೆ ಕೈ ಚಾಚಿರುತ್ತಿದ್ದರು. ಇತ್ತ ನನ್ನ ಎಡಜೇಬಿನ ಹಿಂದೆ ಒಂದು ಎದೆ ಡಬಡಬನೆ ಬಡಿಯುತ್ತಿತ್ತು. ಉತ್ತರ ಗೊತ್ತಿದ್ದರೂ ಬಡಿತ ಅಷ್ಟೇ, ಗೊತ್ತಿಲ್ಲದಿದ್ದರೂ ಅಷ್ಟೇ.

ಏಳು ವರ್ಷದಲ್ಲಿ ಹದಿನಾಲ್ಕು ಜನರಿಗೆ ನನ್ನೊಳಗೆ ಕೆಲಸವಾಯಿತು. ಹದಿನಾಲ್ಕು ಜನರೂ ಹೊಸ ಕೋಟು ಕೊಂಡರು. ಒಬ್ಬನಂತೂ ತನ್ನ ಹೊಸ ಕೋಟನ್ನು ನನಗೇ ತಂದು ತೋರಿಸಿದ. ಕೋಣೆಯವರಿಗೆ ತೋರಿಸಲು ಬಂದಿದ್ದ, ನನ್ನ ಪಕ್ಕದಲ್ಲೇ ಅದನ್ನು ನೇತುಹಾಕಿ ಹರಟೆಗೆ ಕೂತ. ಅದರ ತೋಳು ನನ್ನ ತೋಳಿಗೆ ತಾಗುತ್ತಿತ್ತು. ಆ ಮಧ್ಯಾಹ್ನ ನನ್ನೊಳಗೆ ಏನೋ ಕೆಟ್ಟಿತು. ಗೆದ್ದವರು ನನ್ನನ್ನು ಬಿಟ್ಟು ಹೋಗುತ್ತಾರೆ, ಸೋತವರು ವಾಪಸು ಬರುತ್ತಾರೆ ಎಂಬ ಲೆಕ್ಕ ಅಂದೇ ತಿಳಿಯಿತು. ಆಮೇಲೆ ಯಾರ ಮೈಯೇರಿ ಹೊರಟರೂ ಒಳಗೊಳಗೇ ಹಾರೈಸುತ್ತಿದ್ದೆ: ಇವನಿಗೆ ಆಗದಿರಲಿ.

ಹೀಗೆ ವಾಪಸು ಬರುತ್ತಿದ್ದವರಲ್ಲಿ ಅಗ್ರಗಣ್ಯ ಮೌನೇಶ. ಸಸ್ಯಶಾಸ್ತ್ರದವನು, ಎರೆಭೂಮಿಯ ಹುಲ್ಲುಗಳ ಮೇಲೆ ಪಿಎಚ್‌ಡಿ ಮಾಡಿದ್ದ. ಪಿಎಚ್‌ಡಿ ಮುಗಿದು ಐದು ವರ್ಷವಾದರೂ ಅತಿಥಿ ಉಪನ್ಯಾಸಕನಾಗಿ ಪಾಠ ಹೇಳುತ್ತ ಇಪ್ಪತ್ತೇಳರಲ್ಲೇ ಉಳಿದಿದ್ದ. ಅಂಥವರನ್ನು ಹಾಸ್ಟೆಲಿನವರು ಪ್ಯಾರಾಸೈಟ್ ಅನ್ನುತ್ತಾರೆ. ಕರೆದರೆ ಅವನೂ ನಗುತ್ತಿದ್ದ, "ನಾನು ಬಂದಳಿಕಿ ಅಲ್ರಪಾ, ಬರೇ ಹುಲ್ಲು. ತುಳದರೂ ಏಳತೀನಿ."

ಆರು ಸಲ ನನ್ನನ್ನು ತೊಟ್ಟು ಆರು ಸಲವೂ ಸೋತ. ಉಳಿದವರು ಸೋತರೆ ನನ್ನನ್ನು ಮೊಳೆಯತ್ತ ಎಸೆಯುತ್ತಿದ್ದರು. ಅವನು ಕೊಡವಿ, ಮಡಿಕೆ ಬಿಡಿಸಿ, ಅಂಗೈಯಿಂದ ಭುಜ ಸವರಿ ನೇತುಹಾಕುತ್ತಿದ್ದ. ರವಿವಾರ ಬಿಸಿಲಿಗೆ ಹಾಕುತ್ತಿದ್ದ. ಗುಂಡಿ ಸಡಿಲಾದರೆ ತಾನೇ ಬಿಗಿಯುತ್ತಿದ್ದ. ಒಳಜೇಬಿನ ಮೂಲೆಯ ಹೊಲಿಗೆ ಸವೆದದ್ದು ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನನ್ನು ಯಾರಾದರೂ ಪ್ರೀತಿಸಿದ್ದರೆ ಅವನೊಬ್ಬನೇ. ಅದಕ್ಕೇ ಅವನು ಗೆಲ್ಲುವುದನ್ನು ನೆನೆದರೆ ನನಗೆ ಉಸಿರುಗಟ್ಟುತ್ತಿತ್ತು.

ಏಳನೆಯ ಸಲ ಬಂದದ್ದು ಹರ್ಬೇರಿಯಮ್ಮಿನ ಹುದ್ದೆ. ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ, ಹೆಸರು ಬರೆದು ಜೋಪಾನ ಮಾಡುವ ಜಾಗವದು. ಅಲ್ಲಿ ಹುಲ್ಲುಗಳ ಸಂಗ್ರಹಕ್ಕೆಂದೇ ಒಬ್ಬ ಖಾಯಂ ಸಂಶೋಧಕ ಬೇಕಾಗಿದ್ದ. ಮೌನೇಶನಿಗೆಂದೇ ಹೇಳಿ ಮಾಡಿಸಿದಂಥ ಕೆಲಸ. ರಿಯಾಯಿತಿಯೆಲ್ಲ ಸೇರಿ ವಯೋಮಿತಿ ಮೂವತ್ತೆಂಟು. ಮುಂದಿನ ತಿಂಗಳು ಅವನಿಗೆ ಮೂವತ್ತೆಂಟು ತುಂಬುತ್ತಿತ್ತು. ಇದಾದರೆ ಆಯಿತು, ಇಲ್ಲದಿದ್ದರೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ ಹಾಗೆ.

ಅದೇ ಹುದ್ದೆಗೆ ಯಮನೂರಪ್ಪನೂ ಅರ್ಜಿ ಹಾಕಿದ್ದ. ಅದೇ ಕೋಣೆ, ಅದೇ ಗೈಡ್, ಮೌನೇಶನಿಗಿಂತ ಏಳು ವರ್ಷ ಚಿಕ್ಕವನು. ಇಬ್ಬರು ಅಭ್ಯರ್ಥಿಗಳು, ಇದ್ದದ್ದು ನಾನೊಬ್ಬನೇ.

"ಹೆಸರಿನ ಪ್ರಕಾರ ಕರೀತಾರ. ನಿಂದು ಎಮ್ಮು, ನಂದು ವೈ. ನೀ ಹೊರಗ ಬಂದ ಮ್ಯಾಲೆ ನಾ ಹಾಕ್ಕೋತೀನಿ" ಎಂದ ಯಮನೂರಪ್ಪ.

"ಒಳಗಿನವರು ಗುರ್ತು ಹಿಡದರ?"

"ಅವರು ಮುಖ ನೆನಪಿಟ್ರ ಸಾಕಾಗೇತಿ, ಕೋಟೇನು ನೋಡ್ತಾರಲೇ?"

ಸಂದರ್ಶನದ ದಿನ ಮೌನೇಶನ ಕೊರಳಲ್ಲಿ ಎಂದಿನಂತೆ ಕಪ್ಪು ದಾರಕ್ಕೆ ಕಟ್ಟಿದ ಪುಟ್ಟ ಲೆನ್ಸ್ ಇತ್ತು. ಹುಲ್ಲಿನವರಿಗೆ ಅದು ಮೂರನೇ ಕಣ್ಣು. ಪಡಸಾಲೆಯ ಬೆಂಚಿನ ಮೇಲೆ ಯಮನೂರಪ್ಪ ಅದನ್ನು ನೋಡಿ ನಕ್ಕ. "ತಗೀಯೋ ಮಾರಾಯ, ಟೈ ಮ್ಯಾಲೆ ಅದು ತಾಯತ ಕಟ್ಟಿದಂಗ ಕಾಣ್ತದ." ಮೌನೇಶನೂ ನಕ್ಕು ಅದನ್ನು ಕೊರಳಿನಿಂದ ತೆಗೆದು ನನ್ನ ಒಳಜೇಬಿಗೆ ಹಾಕಿದ.

ಜೇಬಿನ ಮೂಲೆಯಲ್ಲಿ ಆಗ ಒಂದೇ ಒಂದು ಎಳೆ ಹಿಡಿದುಕೊಂಡಿತ್ತು.

ಅವನ ಸರದಿ ಬಂತು. ಆ ದಿನ ಮೌನೇಶ ಮಾತಾಡಿದ ಹಾಗೆ ನಾನು ಯಾರೂ ಮಾತಾಡಿದ್ದನ್ನು ಕೇಳಿಲ್ಲ. ಬಡಿತವೂ ಶಾಂತವಾಗಿತ್ತು. ಬರಗಾಲದಲ್ಲಿ ಬೇರು ಎಷ್ಟು ಆಳಕ್ಕಿಳಿಯುತ್ತದೆ, ದನ ಯಾವ ಹುಲ್ಲನ್ನು ಮೊದಲು ಬಿಡುತ್ತದೆ ಎಂದೆಲ್ಲ ಹೇಳಿದ. ಗೋಡಂಬಿ ಮೆಲ್ಲುತ್ತಿದ್ದವರ ಕೈ ತಟ್ಟೆಯಲ್ಲೇ ನಿಂತಿತು. ಅವನು ಗೆಲ್ಲುತ್ತಿದ್ದಾನೆಂದು ನನಗೆ ಗೊತ್ತಾಯಿತು. ಮುಂದಿನ ತಿಂಗಳ ಹೊಸ ಕೋಟು ಕಣ್ಣಿಗೆ ಕಟ್ಟಿತು. ಅದರ ಭುಜವನ್ನು ಅವನ ಅಂಗೈ ಸವರುತ್ತಿತ್ತು.

ಹೊರಗಿನಿಂದ ಬಂದಿದ್ದ ತಜ್ಞೆ ಒಂದು ಒಣಗಿದ ತೆನೆಯನ್ನು ಬಿಳಿ ಹಾಳೆಯ ಮೇಲಿಟ್ಟು ಮುಂದೆ ತಳ್ಳಿದರು. "ಇದು ಯಾವುದು ಹೇಳಿ."

ಮೌನೇಶ ಬಗ್ಗಿದ. "ಎರಡರಾಗ ಒಂದು, ಮೇಡಂ. ಅಕ್ಕತಂಗೇರಂಗ ಇರತಾವ. ತೊಟ್ಟಿನ ನಡುವ ಗಾಜಿನಂಥಾ ಗೆರಿ ಇತ್ತಂದ್ರ ಒಂದು, ಇಲ್ಲಂದ್ರ ಇನ್ನೊಂದು. ನೋಡಿ ಹೇಳತೀನಿ." ಅವನ ಕೈ ನನ್ನೊಳಗೆ ಬಂತು.

ಆ ಎಳೆ ತಾನಾಗಿ ಹರಿಯಿತು ಎಂದು ಹೇಳಬಹುದು. ನನ್ನ ವಯಸ್ಸಿನ ಬಟ್ಟೆಗೆ ಅದು ಸಹಜ. ಆದರೆ ಬಿಟ್ಟದ್ದು ನಾನೇ. ಲೆನ್ಸ್ ಜೇಬಿನಿಂದ ಜಾರಿ, ಅಸ್ತರಿನೊಳಗೆ ಇಳಿದು, ಅಂಚಿನಲ್ಲಿ ಕೂತಿತು. ಅವನ ಬೆರಳು ಖಾಲಿ ಜೇಬನ್ನು ತಡಕಾಡಿತು. ಹೊರಜೇಬು, ಪ್ಯಾಂಟಿನ ಜೇಬು, ಮತ್ತೆ ಒಳಜೇಬು.

"ಲೆನ್ಸ್... ಈಗ ಇತ್ರಿ."

"ಹುಲ್ಲಿನ ಸಂಶೋಧಕರು ಲೆನ್ಸ್ ಇಲ್ಲದೆ ಬಂದಿದ್ದೀರಾ?" ಎಂದರು ತಜ್ಞೆ.

"ಪೊಲೀಸ ಟೊಪ್ಪಿಗಿ ಮರತು ಬಂದಂಗಾತಲ್ರಿ" ಎಂದರು ಗೋಡಂಬಿಯವರು. ಎಲ್ಲರೂ ನಕ್ಕರು.

"ಬರಿಗಣ್ಣಲ್ಲೇ ಒಂದು ಹೆಸರು ಹೇಳಿ, ಪರವಾಗಿಲ್ಲ."

ಊಹೆ ಮಾಡಿದ್ದರೂ ಅರ್ಧ ಪಾಲು ಸರಿಯಾಗುತ್ತಿತ್ತು. ಮೌನೇಶ ತೆನೆಯನ್ನೇ ನೋಡಿದ. "ನೋಡಲಾರದ ಹೇಳಬಾರದ್ರಿ" ಎಂದ. ತಜ್ಞೆ ಹಾಳೆಯ ಮೇಲೆ ಏನೋ ಬರೆದುಕೊಂಡರು.

ಅವನ ನಂತರ ನಂದಿನಿ ಎಂಬವಳ ಸರದಿ. ಅವಳು ಬಂದಿರಲಿಲ್ಲ. ಮೌನೇಶ ಬಾಗಿಲು ದಾಟುವಷ್ಟರಲ್ಲಿ ಯಮನೂರಪ್ಪನ ಹೆಸರು ಕರೆದರು. ಹುಡುಕಲೂ ಸಮಯವಿಲ್ಲ, ಹೇಳಲೂ ಇಲ್ಲ. ಮೌನೇಶ ನನ್ನನ್ನು ಕಳಚಿ ಅವನಿಗೆ ತೊಡಿಸಿದ. ಅಷ್ಟು ಅವಸರದಲ್ಲೂ ಅವನ ಕಾಲರು ಸರಿಮಾಡಿದ. ನನಗೆ ಮೈಯೆಲ್ಲ ಉರಿಯಿತು.

ಅದೇ ಕುರ್ಚಿ, ಅದೇ ತೆನೆ. ಯಮನೂರಪ್ಪ ಕೂತಾಗ ಸೊಂಟದ ಎಲುಬಿಗೆ ಏನೋ ಗಟ್ಟಿ ಒತ್ತಿತು. ತಡವಿ ನೋಡಿದ, ಹರಿದ ಜೇಬಿನೊಳಗೆ ಮೊಣಕೈವರೆಗೆ ಕೈ ಇಳಿಸಿ ಎಳೆದ. ಕಪ್ಪು ದಾರ ಹೊರಗೆ ಬಂತು, ಹಿಂದೆಯೇ ಲೆನ್ಸ್.

"ಕ್ಷಮಿಸ್ರಿ ಮೇಡಂ. ಕೋಟು ಹಳೇದೈತಿ."

ಮತ್ತೆ ಎಲ್ಲರೂ ನಕ್ಕರು. ಈ ಸಲದ ನಗು ಬೇರೆ ಥರದ್ದು. ಆ ದಾರ ಯಾರದೆಂದು ಅವನಿಗೆ ಗೊತ್ತಿತ್ತು. ಒಂದು ಮಾತು ಅವನ ಗಂಟಲಿಗೆ ಬಂದು ನಿಂತದ್ದು ನನಗೆ ತಿಳಿಯಿತು, ನಾನು ಅವನ ಕೊರಳಿಗೆ ಅಷ್ಟು ಹತ್ತಿರವಿದ್ದೆ. ಅವನು ಅದನ್ನು ನುಂಗಿ, ಲೆನ್ಸ್ ಕಣ್ಣಿಗೆ ಹಿಡಿದು, "ಗೆರಿ ಐತ್ರಿ" ಎಂದು ಹೆಸರು ಹೇಳಿದ.

ಹೊರಗೆ ಬಂದು ಮುಚ್ಚಿದ ಮುಷ್ಟಿಯನ್ನು ಮೌನೇಶನ ಮುಂದೆ ಬಿಚ್ಚಿದ. "ಅಸ್ತರದಾಗ ಬಿದ್ದಿತ್ತು."

ಮೌನೇಶ ಅದನ್ನು ತೆಗೆದುಕೊಂಡು ದಾರದ ಸಿಕ್ಕು ಬಿಡಿಸಿದ. "ಗೆರಿ ಇತ್ತೇನು?"

"ಇತ್ತು."

"ನಾನೂ ಅದನ್ನ ಅನ್ಕೊಂಡಿದ್ದೆ." ದಾರವನ್ನು ಕೊರಳಿಗೆ ಹಾಕಿಕೊಂಡ. "ಚಲೋ ಆತು. ನಮ್ಮ ಕೋಣಿಯೊಳಗ ಒಬ್ಬಂಗರ ನೌಕರಿ ಬರತೈತಲ್ಲ."

ಫಲಿತಾಂಶದ ದಿನ ಯಮನೂರಪ್ಪ ಗಿರಮಿಟ್ಟು ಕೊಡಿಸಿದ. ಮೌನೇಶ ಎರಡು ಮಿರ್ಚಿ ತಿಂದು, ಮರುದಿನ ಟ್ರಂಕು ಕಟ್ಟಿದ. ನನ್ನ ಹಾರೈಕೆ ಫಲಿಸಿತ್ತು: ಅವನು ಸೋತಿದ್ದ. ಆದರೆ ಎಷ್ಟು ಪೂರ್ತಿಯಾಗಿ ಸೋತಿದ್ದನೆಂದರೆ ಇನ್ನೆಂದೂ ಅವನಿಗೆ ಸಂದರ್ಶನವೇ ಇರಲಿಲ್ಲ. ಸಂದರ್ಶನವಿಲ್ಲದವನಿಗೆ ಕೋಟು ಯಾಕೆ ಬೇಕು? ಹೋಗುವಾಗ ನನ್ನ ಭುಜ ಸವರಿದ, ಅಭ್ಯಾಸಬಲ. ಮೊಳೆಯ ಮೇಲೆ ನಾನು ನೇತಾಡುತ್ತ ಉಳಿದೆ. ನನ್ನಷ್ಟು ಮೂರ್ಖ ಬಟ್ಟೆ ಆ ಹಾಸ್ಟೆಲಿನಲ್ಲಿ ಇನ್ನೊಂದಿರಲಿಲ್ಲ.

ಯಮನೂರಪ್ಪ ಮಾತ್ರ ಹೊಸ ಕೋಟು ಕೊಳ್ಳಲಿಲ್ಲ. ಯಾಕೆಂದು ಯಾರಿಗೂ ಹೇಳಲಿಲ್ಲ. ಬಂದು ನನ್ನನ್ನೇ ತೆಗೆದುಕೊಂಡು ಹೋದ. ಹುಳ ಹಿಡಿಯಬಾರದೆಂದು ಹರ್ಬೇರಿಯಮ್ಮನ್ನು ಸದಾ ತಣ್ಣಗಿಡುತ್ತಾರೆ, ಮೂಲೆಮೂಲೆಗೂ ನುಸಿಗುಳಿಗೆ ಇಡುತ್ತಾರೆ. ಹನ್ನೊಂದು ವರ್ಷದಿಂದ ನಾನು ಅಲ್ಲಿದ್ದೇನೆ. ದಿನಾ ಒಂದೇ ಮೈ, ದಿನಾ ಒಂದೇ ಕುರ್ಚಿ. ಆ ಹದಿನಾಲ್ಕು ಕೋಟುಗಳ ಬಗ್ಗೆ ಕರುಬಿದ್ದೆನಲ್ಲ, ಅವುಗಳಿಗಿದ್ದದ್ದೆಲ್ಲ ನನಗೂ ಸಿಕ್ಕಿದೆ. ಮೈ ಮಾತ್ರ ನಾನು ಬಯಸಿದ್ದಲ್ಲ. ನನ್ನ ಮೊಣಕೈ ಸವೆದಿದೆ, ಬಣ್ಣ ಮಾಸಿದೆ. ನುಸಿಗುಳಿಗೆಯ ದಯೆಯಿಂದ ಹುಳ ಬಿದ್ದಿಲ್ಲ, ಆದ್ದರಿಂದ ಬೇಗ ಸಾಯುವ ಹಾಗೂ ಇಲ್ಲ.

ಹೋದ ವಾರ ಒಂದು ಘಟನೆ ನಡೆಯಿತು. ಯಾವುದೋ ಪರಿಶೀಲನಾ ತಂಡ ಬರುತ್ತದೆಂದು ಆಡಳಿತ ಭವನದ ಮುಂದೆ ಹಸಿರು ಹುಲ್ಲು ಹಾಸುತ್ತಿದ್ದರು. ಗುತ್ತಿಗೆ ಹಿಡಿದಿದ್ದ ನರ್ಸರಿಯವನು ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತ. ತಲೆ ಬೆಳ್ಳಗಾಗಿತ್ತು, ಹೊಟ್ಟೆ ಬಂದಿತ್ತು.

"ಸಾಹೇಬ್ರ, ಅಂಗಿ ಇಲ್ಲಿ ಇಡ್ಲೇನು? ಹೊರಗ ರಾಡಿ ಆಗ್ತದ."

"ಮೌನ್ಯಾ, ಸಾಹೇಬ ಅನಬ್ಯಾಡಲೇ, ಕಾಲಾಗಿಂದು ಕೈಯಾಗ ಬರ್ತದ ನೋಡು" ಎಂದ ಯಮನೂರಪ್ಪ. ನಗಲು ಹೋದ, ಪೂರ್ತಿ ಆಗಲಿಲ್ಲ.

ಕೊಕ್ಕೆ ಒಂದೇ ಇತ್ತು. ಮೌನೇಶ ತನ್ನ ಚೌಕಳಿ ಅಂಗಿಯನ್ನು ನನ್ನ ಮೇಲೆಯೇ ನೇತುಹಾಕಿ, ಬನಿಯನ್ನಿನಲ್ಲಿ ಹೊರಗೆ ಹೋದ. ನನ್ನನ್ನು ಗುರುತಿಸಿದನೋ ಇಲ್ಲವೋ. ಕಿಟಕಿಯಾಚೆ ಅವನ ದನಿ ದಿನವಿಡೀ ಕೇಳಿಸುತ್ತಿತ್ತು. ಆಳುಗಳಿಗೆ ಬೈಯುತ್ತಿದ್ದ, ಬೇರು ಮೇಲಾಗಿ ಹಾಸಬೇಡಿ ಅನ್ನುತ್ತಿದ್ದ, ಜೋರಾಗಿ ನಗುತ್ತಿದ್ದ. ಈಗ ಯಾವ ಮೇಜಿನಾಚೆಯ ಐದು ಜನಕ್ಕೂ ಅವನು ಸೊಪ್ಪು ಹಾಕಬೇಕಿರಲಿಲ್ಲ. ಯಮನೂರಪ್ಪ ಚಳಿಗೆ ಎರಡು ಸಲ ಎದ್ದು ನನ್ನ ಹತ್ತಿರ ಬಂದ. ಅಂಗಿಯನ್ನು ತೆಗೆಯಲು ಕೈ ಎತ್ತಿ ಸುಮ್ಮನೆ ವಾಪಸು ಹೋಗಿ ಕೂತ. ತೋಳು ಕಟ್ಟಿಕೊಂಡು ನಡುಗುತ್ತಲೇ ಹಾಳೆ ತಿರುಗಿಸಿದ.

ಅಂಗಿಗೆ ಮಣ್ಣು, ಬೆವರು, ಅಗ್ಗದ ಸಾಬೂನಿನ ವಾಸನೆ ಇತ್ತು. ಯಾರೋ ಪ್ರತಿದಿನ ಅದನ್ನು ತೊಳೆಯುತ್ತಿದ್ದರು. ಕಂಕುಳಲ್ಲಿ ಹರಿದದ್ದನ್ನು ಯಾರೋ ಹೊಲಿದಿದ್ದರು. ಎಂಟು ತಾಸು ಅದರ ಭಾರ ಹೊತ್ತು ನಿಂತೆ. ಸಂಜೆ ಮೌನೇಶ ಒದ್ದೆ ಕೈ ಒರೆಸಿಕೊಂಡು ಬಂದ. ಅಂಗಿಯನ್ನು ಎಳೆದುಕೊಂಡು, ಗುಂಡಿ ಹಾಕುತ್ತ ಹಾಕುತ್ತಲೇ ಬಾಗಿಲು ದಾಟಿದ. ಅದು ಅವನ ಬೆನ್ನಿಗೆ ಅಂಟಿಕೊಂಡು ಮನೆಗೆ ಹೋಯಿತು.

ಮದುಮಗನ ಕೋಟಿನ ಮೇಲೆ, ಆ ಹದಿನಾಲ್ಕರ ಮೇಲೆ ನಾನು ಪಟ್ಟ ಹೊಟ್ಟೆಕಿಚ್ಚೆಲ್ಲ ಸೇರಿದರೂ ಆ ಒಂದು ಅಂಗಿಯ ಮೇಲಿನದಕ್ಕೆ ಸಮವಲ್ಲ. ಯಮನೂರಪ್ಪ ಎದ್ದು ಬಂದು ನನ್ನನ್ನು ತೊಟ್ಟುಕೊಂಡ. ಅವನ ಮೈ ತಣ್ಣಗೆ ಕೊರೆಯುತ್ತಿತ್ತು. ಕೂತ. ನಾನು ಅವನನ್ನು ಬೆಚ್ಚಗೆ ಮಾಡತೊಡಗಿದೆ.