ಕ್ರಮಸಂಖ್ಯೆ ಹದಿನೇಳಕ್ಕೆ ಎರಡು ಬಹುಮಾನ

ನಮ್ಮ ಸರ್ಕಾರಿ ಪ್ರೌಢಶಾಲೆಯ ವಾರ್ಷಿಕೋತ್ಸವದಲ್ಲಿ ‘ವಿದ್ಯಾರ್ಥಿಗಳ ಸಾಧನೆ’ ಪಟ್ಟಿ ಓದುವ ಕೆಲಸ ಹನ್ನೊಂದು ವರ್ಷದಿಂದ ನನ್ನದೇ. ಗಣಿತದ ಮೇಷ್ಟ್ರಾದರೂ ನನಗೆ ಮೈಕಿನ ಚಟ. ಯಾರ್ಯಾರ ಮಕ್ಕಳನ್ನೋ ಹೊಗಳಿ ಅಟ್ಟಕ್ಕೇರಿಸಿದ್ದೇನೆ. ನನ್ನ ಸ್ವಂತ ಮಗಳು ಮಾತ್ರ ಆ ಪಟ್ಟಿಯಲ್ಲಿ ಒಂದು ಸಲವೂ ಬಂದಿರಲಿಲ್ಲ. ಈಗ ಅವಳು ಹತ್ತನೆಯ ತರಗತಿ, ಅಂದರೆ ಇದೇ ಕೊನೆಯ ಅವಕಾಶ. ಅವಳ ಕ್ಲಾಸ್ ಟೀಚರ್ ನಾನೇ. ಗಣಿತದಲ್ಲಿ ಅವಳಿಗೆ ಬೀಳುವ ಅಂಕಗಳನ್ನು ಇಲ್ಲಿ ಹೇಳಿ ನನ್ನ ಮಾನ ನಾನೇ ಕಳೆದುಕೊಳ್ಳಲಾರೆ.

ಹೇಗಾದರೂ ಅವಳನ್ನು ವೇದಿಕೆ ಹತ್ತಿಸಬೇಕೆಂದು ಹಾಜರಿ ಪುಸ್ತಕ ತಿರುವಿದೆ. ಕ್ರಮಸಂಖ್ಯೆ ಹದಿನೇಳು, ಅಂದರೆ ನನ್ನ ಮಗಳು, ಇಡೀ ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ! ಕೂಡಲೇ ‘ನೂರಕ್ಕೆ ನೂರು ಹಾಜರಿ’ ಎಂಬ ಹೊಸ ಬಹುಮಾನ ಹುಟ್ಟಿಸಿ, ಕೈಯಿಂದ ದುಡ್ಡು ಹಾಕಿ ಒಂದು ಕಪ್ ತಂದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಸುದ್ದಿ ಕೇಳಿ ನನ್ನ ಹೆಂಡತಿ ನಕ್ಕಳು.

"ಪುಸ್ತಕ ಇನ್ನೊಂದ್ಸಲ ಸರಿಯಾಗಿ ನೋಡ್ರೀ."

"ನನ್ನ ಹಾಜರಿ ಪುಸ್ತಕದಲ್ಲಿ ತಪ್ಪಾ?" ಎಂದು ಎದೆಯುಬ್ಬಿಸಿದೆ.

ಆ ದಿನ ಕಪ್ ಪಡೆಯಲು ಎರಡು ಸಲ ಕರೆದರೂ ಮಗಳು ಏಳಲಿಲ್ಲ. ಕೂತಲ್ಲೇ ಬೇಡವೆಂದು ಕೈಯಾಡಿಸಿದಳು. ನಾಚಿಕೆ ಇರಬೇಕು, ಅಪ್ಪನಂತೆ, ಎಂದುಕೊಂಡು ಮೂರನೆಯ ಸಲ ಕರೆದೆ. ವಿಧಿಯಿಲ್ಲದೆ ಬಂದು ಕಪ್ ಹಿಡಿದು ನಿಂತಳು. ನನ್ನ ಕಣ್ಣು ತುಂಬಿ ಬಂತು. ಅದೇ ಜೋರಿನಲ್ಲಿ ದೈಹಿಕ ಶಿಕ್ಷಕರು ಕೊಟ್ಟಿದ್ದ ಹಾಳೆ ಎತ್ತಿಕೊಂಡೆ. ಆಟದ ಹಾಳೆಯನ್ನು ಮೊದಲೇ ಓದಿಕೊಳ್ಳುವ ಅಭ್ಯಾಸ ನನಗಿಲ್ಲ.

"ಜಿಲ್ಲಾ ಮಟ್ಟದ ಮೂರು ದಿನಗಳ ಕ್ರೀಡಾಕೂಟ. ಮೂರು ಸಾವಿರ ಮೀಟರ್ ಓಟ, ಪ್ರಥಮ ಸ್ಥಾನ. ಹತ್ತನೆಯ ತರಗತಿ, ಕ್ರಮಸಂಖ್ಯೆ ಹದಿನೇಳು."

ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಸಾರ್, ಆ ಮೂರು ದಿನ ಅವಳು ಕ್ಲಾಸಲ್ಲೂ ಇದ್ಲಾ?"

ಇಡೀ ಸಭೆ ಗೊಳ್ಳೆಂದಿತು. ಹೆಡ್‌ಮೇಡಂ ಕೂಡ ನಗುತ್ತಿದ್ದರು. ಊರಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೆ ಇಲ್ಲ.

"ದಿನಾ ನನ್ನ ಸ್ಕೂಟರಿನಲ್ಲೇ ಬಂದ್ಯಲ್ಲೇ?" ಎಂದೆ.

"ಗೇಟಲ್ಲಿ ಇಳಿದು ವ್ಯಾನ್ ಹತ್ತಿದೆ. ಓಡಿದ್ರೆ ಲೆಕ್ಕ ಬರತ್ತಾ ಅಂತ ಬೈತೀರಿ ಅಂತ ಒಪ್ಪಿಗೆ ಪತ್ರಕ್ಕೆ ಅಮ್ಮನ ಹತ್ರ ಸಹಿ ಹಾಕಿಸಿದೆ." ಅವಳು ಕಪ್ಪನ್ನು ಮೇಜಿನ ಮೇಲಿಟ್ಟಳು. "ನೀವು ಎಲ್ಲರ ನಂಬರ್ ಕೂಗಿ ಮುಖ ನೋಡ್ತೀರಿ ಅಪ್ಪ. ನನ್ನ ನಂಬರ್ ಬಂದಾಗ ತಲೇನೇ ಎತ್ತಲ್ಲ. ಹಾಗೇ ಗುರುತು ಹಾಕ್ಬಿಡ್ತೀರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

"ಎಷ್ಟು ದಿನದಿಂದ ಓಡ್ತಿದ್ದೀಯ?"

"ಎರಡು ವರ್ಷ. ನಿಮ್ಮ ಸ್ಟಾಫ್ ರೂಮಿನ ಕಿಟಕಿ ಎದುರಿಗೇ."

ದೈಹಿಕ ಶಿಕ್ಷಕರು ತಂದುಕೊಟ್ಟ ಓಟದ ಪದಕವನ್ನು ಅವಳ ಕೊರಳಿಗೆ ಹಾಕಿದೆ.

"ಭಾನುವಾರ ರಾಜ್ಯಮಟ್ಟದ ಓಟ ಇದೆ, ಬರ್ತೀರಾ?" ಎಂದು ಕೇಳಿದಳು.

ಹನ್ನೊಂದು ವರ್ಷ ಮೈಕು ಬಿಡದ ನಾನು ಸುಮ್ಮನೆ ತಲೆಯಾಡಿಸಿದೆ.

"ತಲೆ ಆಡಿಸಿದ್ರೆ ಹಾಜರಿ ಕೊಡಲ್ಲ ಅಂತ ನೀವೇ ಹೇಳ್ತೀರಲ್ಲ. ಬಾಯಿ ಬಿಟ್ಟು ಹೇಳಿ ಅಪ್ಪ."

ಮೈಕು ಇನ್ನೂ ಆನ್ ಇತ್ತು. ಅವಳ ಮುಖ ನೋಡಿ, ಆರುನೂರು ಜನರೆದುರು "ಬರ್ತೀನಮ್ಮ" ಎಂದೆ.