ಸಣ್ಣ ಮೀಟರಿನ ಮುಳ್ಳು

ಮತ್ತೆ ಎದ್ದಿತು ಸಣ್ಣ ಮೀಟರಿನ ಮುಳ್ಳು, ಜಿರಳೆಯ ಮೀಸೆಯಂತೆ ನಡುಗುತ್ತ — ಭಾರತಿ ಮಾತಾಡುತ್ತಿದ್ದಾಳೆ, ತುಂಬಿದ ಕೃಷ್ಣೆಯ ನಡುವಿನ ದೋಣಿಯಿಂದ, ಯಪ್ಪಾ ಕೇಳಸ್ತೈತೇನು, ನಡುಗಡ್ಡಿ ಮಂದೀನ ಹತ್ತಿಸ್ಕೊಂಡೀವಿ, ಒಂದು ಎಮ್ಮಿಕರಾನೂ ತಂದಾರ, ಬ್ಯಾಡಂದ್ರ ಕೇಳವಲ್ರು — ಮಗಳ ದನಿಗೆ ಹಿಗ್ಗಬೇಕಾದ ಮುದುಕ ಅಯ್ಯಣ್ಣ ಮುಳ್ಳನ್ನೇ ನೋಡುತ್ತ ಕೂತ, ಅವಳ ಒಂದೊಂದು ಮಾತೂ ಸುರಪುರದ ಈ ಗುಡ್ಡದ ಕೋಣೆಗೆ ಬಂದು, ವೈರ್‌ಲೆಸ್ ಸೆಟ್ಟಿನಲ್ಲಿ ಬಲ ಪಡೆದು, ಬೇಕಾದ ಚಾನೆಲ್ಲುಗಳನ್ನಷ್ಟೇ ಬಿಡುವ ಫಿಲ್ಟರ್ ಡಬ್ಬಿ ಹಾದು, ಕಂಬವೇರಿ ದಡದವರನ್ನು ಮುಟ್ಟಬೇಕು, ಡಬ್ಬಿ ಬಿಡದಿದ್ದದ್ದು ಇಂಗಿಹೋಗುವುದಿಲ್ಲ, ಹಿಂದಕ್ಕೆ ಬಂದು ಸೆಟ್ಟನ್ನೇ ಸುಡುತ್ತದೆ, ಚಿಕ್ಕಂದಿನಲ್ಲಿ ಹರಗೋಲಿನಲ್ಲಿ ಕೂರಿಸಿಕೊಂಡು ಇವನ ಅಪ್ಪ ಹೇಳುತ್ತಿದ್ದ, ಬಂಡಿಗಲ್ಲಿಗೆ ಬಡದ ತೆರಿ ಎಲ್ಲಿ ಹೋಗತೈತಿ ತಮ್ಮಾ, ತಿರುಗಿ ನಿನ್ನ ಕಡೀಗೇ ಬರತೈತಿ — ಅದು ಗೊತ್ತಿದ್ದೂ ಬೆಳಿಗ್ಗೆ ತೇವ ಒರೆಸಿ ಡಬ್ಬಿಯ ಸ್ಕ್ರೂ ತಿರುವುವಾಗ ದೊಡ್ಡ ಮೀಟರನ್ನಷ್ಟೇ ನೋಡಿದ, ಹಾದುಹೋದದ್ದನ್ನು ತೋರುವ ಮೀಟರು, ಮುಳ್ಳು ಕಡೇ ಗೆರೆಗೆ ತಾಗಿತ್ತು, ಚಾನೆಲ್ಲಿನಿಂದ ಚಾನೆಲ್ಲಿಗೆ ಕೂದಲೆಳೆಯಷ್ಟು ಏರಿಳಿತ, ವೈರ್‌ಲೆಸ್ ನೋಡಿಕೊಳ್ಳುವ ಬಾಷುಮಿಯಾ ನಕ್ಕಿದ್ದ, ಅರೆ ಬಿಡು ಕಾಕಾ, ಮುಳ್ಳು ಗ್ವಾಡಿಗೆ ಹತ್ತೈತಿ, ಇನ್ನ ಚಾವಣಿಗೆ ಏರಸ್ತೀಯೇನು, ಕೆಳಗೆ ಅವಸರ ಮಾಡುವ ಜೀಪಿನ ಹಾರ್ನು, ಇವನು ಮುಚ್ಚಳ ಬಿಗಿದುಬಿಟ್ಟ. ನೂರು ಸೇರಿನ ಜೋಳದ ರಾಶಿಯಲ್ಲಿ ಐದು ಸೇರು ಕಡಿಮೆಯಾದರೆ ಯಾರ ಕಣ್ಣಿಗೂ ಬೀಳದು, ಆ ಐದು ಸೇರನ್ನೇ ಬರಿ ನೆಲಕ್ಕೆ ಸುರುವಿದರೆ ಕುರುಡನೂ ಎಡವುತ್ತಾನೆ, ಆ ಬರಿ ನೆಲವೇ ಸಣ್ಣ ಮೀಟರು, ಹಿಂದಿರುಗಿದ್ದನ್ನಷ್ಟೇ ತೋರುವ ಮೀಟರು, ಅದನ್ನು ನೋಡಲಿಲ್ಲ, ಆ ಕೂದಲೆಳೆಯ ಏರಿಳಿತದಲ್ಲಿ ದಡದವರ ಚಾನೆಲ್ಲು ಏರಿನಲ್ಲಿ ಬಿತ್ತು, ಮಗಳದು ತಗ್ಗಿನಲ್ಲಿ, ಡಬ್ಬಿ ಬಿಸಿಯಾದಷ್ಟೂ ತಗ್ಗು ಇನ್ನೂ ಇಳಿಯುತ್ತಿದೆ, ಬಂದ್ ಮಾಡಿ ಸರಿಪಡಿಸಲೇ — ಬ್ಯಾಡ ಕಾಕಾ, ಬಾಷುಮಿಯಾ ಈಗ ನಗುತ್ತಿಲ್ಲ, ಮ್ಯಾಲಿನ ಡ್ಯಾಮಿಂದ ನೀರ ಬಿಟ್ಟಾರ, ಸೆಳವು ಎಲ್ಲೈತಂತ ಹೊಳಿದಂಡಿಯವರು ಆಕಿಗೆ ಹೇಳ್ತಿರಬೇಕು — ಹಾಗಾದರೆ ಸೆಟ್ಟು ನಡೆಯುತ್ತಿರುವಾಗಲೇ ಸ್ಕ್ರೂ ತಿರುವಬೇಕು, ಅವಳು ಆಡಿದರಷ್ಟೇ ಮುಳ್ಳು ಏಳುತ್ತದೆ, ಎದ್ದರಷ್ಟೇ ಇಳಿಸಲು ಬರುತ್ತದೆ, ಆಡಿದಷ್ಟೂ ಸೆಟ್ಟು ಸುಡುತ್ತದೆ. ಮಾತಾಡ್ತಿರು ತಾಯಿ, ನಿಲ್ಲಿಸಬ್ಯಾಡ. ಏನ್ ಮಾತಾಡ್ಲಿ ಯಪ್ಪಾ, ಕರ ನನ್ನ ಸೆರಗ ತಿನ್ನಾಕತ್ತೈತಿ, ಅದನ್ನ ಹೇಳ್ಲೇನು. ಅದನ್ನೇ ಹೇಳು — ಸ್ಕ್ರೂ ಎಡಕ್ಕೆ ಒಂದು ಎಳೆಯಷ್ಟು, ಮುಳ್ಳು ಮೇಲೇರಿತು, ಅಲ್ಲ, ಬಲಕ್ಕೆ, ಇಳಿಯಿತು, ಅವಳು ಹುಟ್ಟು ಹಾಕುವವನನ್ನು ಬೈಯುತ್ತಿದ್ದಾಳೆ, ಅರ್ಜುನಣ್ಣಾ, ಆ ಕಡೆ ಅಲ್ಲೋ, ಸೆಳವು ತಿರುಗೈತಿ, ಹಾಕು ಹುಟ್ಟ, ಹಾಕು — ಇನ್ನೊಂದು ಎಳೆ, ಮುಳ್ಳು ಸೊನ್ನೆಗೆ ಬಂದು ಮಲಗಿತು, ಗೆದ್ದೆ ಎಂದುಕೊಂಡ, ಏನೂ ಹಿಂದಿರುಗುತ್ತಿಲ್ಲ ಎಂದುಕೊಂಡ, ಆಮೇಲೆ ದೊಡ್ಡ ಮೀಟರಿನತ್ತ ಕಣ್ಣು ಹೋಯಿತು, ಅದೂ ಮಲಗಿದೆ, ಸೆಟ್ಟಿನ ದೀಪ ಉರಿಯುತ್ತಲೇ ಇದೆ, ಸುಟ್ಟ ವಾಸನೆಯಿಲ್ಲ, ಸೆಟ್ಟು ಕೆಟ್ಟಿಲ್ಲ, ಹೊಳೆಯಿಂದ ದನಿಯೇ ಬರುತ್ತಿಲ್ಲ, ಭಾರತಿ, ಬಾಷುಮಿಯಾ ಕೂಗುತ್ತಿದ್ದಾನೆ, ಮಾತಾಡವ್ವಾ ಭಾರತಿ, ಏಳಲಿ ಮುಳ್ಳು, ತಪ್ಪಾಗಿಯೇ ಏಳಲಿ, ಸೆಟ್ಟು ಸುಟ್ಟು ಬೂದಿಯಾಗಲಿ, ಸ್ಕ್ರೂ ಬಿಟ್ಟು ಕೈ ಬರುತ್ತಿಲ್ಲ, ಮುಳ್ಳು ಸೊನ್ನೆಯ ಮೇಲಿದೆ, ಸೊನ್ನೆಯ ಮೇಲೆ, ನಡುಗದೆ, ಮುಳ್ಳು